ಕೂಗಣ್ಣ ಕಟಕಟೆ ಹತ್ತುವ ದಿನ

ನಮ್ಮ ನ್ಯಾಯಾಲಯದಲ್ಲಿ ಹೆಸರು ಕೂಗುವ ಕೆಲಸ ಮಾಡುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ವಕೀಲರಿಗೆ, ಪೊಲೀಸರಿಗೆ, ಗುಮಾಸ್ತರಿಗೆ, ಎದುರಿನ ಅಂಗಡಿಯವನಿಗೆ, ಎಲ್ಲರಿಗೂ ಅವನು ಕೂಗಣ್ಣ. ನಾನು ಅಲ್ಲಿ ಬೆರಳಚ್ಚುಗಾರ್ತಿ. ನ್ಯಾಯಾಧೀಶರ ಪೀಠದ ಕೆಳಗೆ ಒಂದು ಪುಟ್ಟ ಮೇಜು, ಅದರ ಮೇಲೆ ಯಂತ್ರ, ಅದರ ಹಿಂದೆ ನಾನು. ಮೇಲಿನಿಂದ ಅವರು ಹೇಳಿದ್ದನ್ನು ನಾನು ಕುಟ್ಟಬೇಕು, ಬಾಗಿಲಲ್ಲಿ ನಿಂತು ಕೂಗಣ್ಣ ಕೂಗಬೇಕು. ಸ್ವಂತದ್ದು ಅಂತ ಒಂದು ಮಾತು ಆಡುವ ಅಧಿಕಾರ ಆ ಕೋಣೆಯಲ್ಲಿ ನಮ್ಮಿಬ್ಬರಿಗೂ ಇರಲಿಲ್ಲ. ಅದಕ್ಕೇ ಊಟದ ಹೊತ್ತಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕೂತು, ಬಡ್ಡಿ ಸಮೇತ ಆಡಿ ಮುಗಿಸುತ್ತಿದ್ದೆವು.

ಕೂಗುವುದಕ್ಕೂ ಒಂದು ಕ್ರಮವಿದೆ. ಪ್ರತಿ ಹೆಸರನ್ನೂ ಮೂರು ಸಲ, ಅಪ್ಪನ ಹೆಸರಿನ ಸಮೇತ ಕೂಗಬೇಕು. ಇಂಥವರ ಮಗ ಇಂಥವರು ಹಾಜರಾಗತಕ್ಕದ್ದು. ಮೂರನೆಯ ಕೂಗಿಗೂ ಬಾರದಿದ್ದರೆ ವಾರಂಟು. ಕೂಗಣ್ಣನಿಗೆ ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವೆ ತಪ್ಪದೆ ಒಂದು ಕೆಮ್ಮು ಬರುತ್ತಿತ್ತು. ಉದ್ದನೆಯ, ಆರಾಮದ ಕೆಮ್ಮು. ಪಾಯಖಾನೆಗೆ ಹೋದವನು, ಬಸ್ಸಿಳಿದು ಓಡಿ ಬರುತ್ತಿರುವವನು, ಯಾವ ಕೋಣೆ ಅಂತ ತಿಳಿಯದೆ ಪಡಸಾಲೆಯಲ್ಲಿ ಪರದಾಡುವವನು, ಎಲ್ಲರೂ ಆ ಕೆಮ್ಮಿನೊಳಗೆ ಬಂದು ಸೇರಿಕೊಳ್ಳುತ್ತಿದ್ದರು. ನ್ಯಾಯಾಧೀಶರಿಗೂ ಗೊತ್ತಿತ್ತು. "ಏನ್ರೀ, ಈ ಕೆಮ್ಮಿಗೆ ಔಷಧಿನೇ ಇಲ್ವಾ?" ಎಂದು ಒಮ್ಮೊಮ್ಮೆ ರೇಗಿಸುತ್ತಿದ್ದರು. "ಹಳೇ ಕಾಯ್ಲೆ ಸ್ವಾಮಿ," ಎಂದು ಇವನು ಮುಖ ಗಂಟು ಹಾಕಿಕೊಂಡು ಹೇಳುತ್ತಿದ್ದ.

ವರ್ಷಕ್ಕೊಮ್ಮೆ ಪರದೇಶದಿಂದ ಕಾನೂನು ಓದುವ ಹುಡುಗ ಹುಡುಗಿಯರು ಬರುತ್ತಿದ್ದರು. ನಮ್ಮ ಊರಿನ ಕಾನೂನು ಕಾಲೇಜಿಗೂ ಅವರ ಕಾಲೇಜಿಗೂ ಅದೇನೋ ಒಪ್ಪಂದ. ಬೇರೆ ದೇಶದಲ್ಲಿ ಕಳ್ಳನನ್ನು ಹೇಗೆ ಹಿಡಿಯುತ್ತಾರೆ, ಹೇಗೆ ಕೂಡಿಹಾಕುತ್ತಾರೆ, ಹೇಗೆ ವಿಚಾರಿಸುತ್ತಾರೆ ಎಂದು ಕಣ್ಣಾರೆ ನೋಡಿ ಹೋಗಿ ಅವರು ಪರೀಕ್ಷೆ ಬರೆಯಬೇಕಂತೆ. ಒಂದು ದಿನ ಪೊಲೀಸ್ ಠಾಣೆ, ಒಂದು ದಿನ ಜೈಲು, ಒಂದು ದಿನ ನಾವು. ನಮ್ಮ ದಿನ ಬಂತೆಂದರೆ ಪಡಸಾಲೆಗೆ ನೀರು ಬೀಳುತ್ತಿತ್ತು, ಕಾಲು ಮುರಿದ ಬೆಂಚು ಅಡಗಿ ಕೂರುತ್ತಿತ್ತು, ವರ್ಷವಿಡೀ ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಕಾಣುತ್ತಿತ್ತು. ವರ್ಷಕ್ಕೆ ನಾಲ್ಕಾರು ಸಲ ಬರಬಾರದೇ ಈ ಪುಣ್ಯಾತ್ಮರು ಎಂದು ನಾನು ಅಂದುಕೊಳ್ಳುತ್ತಿದ್ದೆ.

ಅವತ್ತು ಬೆಳಿಗ್ಗೆ, ಕಲಾಪಕ್ಕೆ ಮೊದಲು, ಅವರಿಗಾಗಿ ಒಂದು ಅಣಕು ವಿಚಾರಣೆ. ಸೈಕಲ್ ಕಳ್ಳತನದ ಕೇಸು. ಬಂದ ಹುಡುಗರಲ್ಲೇ ಒಬ್ಬರು ನ್ಯಾಯಾಧೀಶರು, ಒಬ್ಬರು ಸರ್ಕಾರಿ ವಕೀಲರು, ಒಬ್ಬರು ಆರೋಪಿಯ ಪರ. ಆರೋಪಿ ಮಾತ್ರ ನಮ್ಮ ಕಡೆಯವನು. ಕಟಕಟೆ ಹತ್ತಲು ವಕೀಲರಿಗೆ ನಾಚಿಕೆ, ಪೊಲೀಸರಿಗೆ ಅವಮಾನ, ಗುಮಾಸ್ತರಿಗೆ ಹೆಂಡತಿಯ ಭಯ. ಹಾಗಾಗಿ ಅದನ್ನು ಕೂಗಣ್ಣನ ತಲೆಗೆ ಕಟ್ಟಿದ್ದರು. ಮೊದಲ ವರ್ಷ ಅವನೂ ಮುಖ ಸಿಂಡರಿಸಿದ್ದ, ಆಮೇಲೆ ಅದೇ ಅವನ ಹೆಮ್ಮೆಯಾಯಿತು. ಕೂದಲಿಗೆ ಎಣ್ಣೆ ಹಚ್ಚಿ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಬರುತ್ತಿದ್ದ. "ಕಳ್ಳ ಇಷ್ಟು ನೀಟಾಗಿರ್ತಾನೇನೋ?" ಎಂದು ನಾನು ಕೇಳಿದರೆ, "ನಾನು ಕದ್ದೇ ಇಲ್ವಲ್ಲಕ್ಕಾ," ಎನ್ನುತ್ತಿದ್ದ. "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದು ಹುಡುಗರ ನ್ಯಾಯಾಧೀಶ ಕೇಳಬೇಕು. ಇವನು ಎದೆ ಸೆಟೆಸಿ "ಇಲ್ಲ ಸ್ವಾಮಿ" ಎನ್ನಬೇಕು. ಆಮೇಲೆ ಅವರ ವಾದ ಶುರು. ಪ್ರತಿ ವರ್ಷವೂ ಅವನಿಗೆ ಬಿಡುಗಡೆಯಾಗುತ್ತಿತ್ತು. ಕೆಳಗಿಳಿದು ಬಂದು, "ಈ ವರ್ಷವೂ ಪಾರಾದೆ," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಅವತ್ತೇ ಮಧ್ಯಾಹ್ನ ಅತಿಥಿಗಳಿಗೆ ಒಂದು ನಿಜವಾದ ಕೇಸು. ಅದಕ್ಕೂ ಒಂದು ಪದ್ಧತಿ ಬೆಳೆದಿತ್ತು. ಅಷ್ಟು ದೂರದಿಂದ ಬಂದವರಿಗೆ ಅರ್ಧ ಕೇಸು ತೋರಿಸಿ ಕಳಿಸಬಾರದು, ಮೊದಲಿನಿಂದ ಕೊನೆಯವರೆಗೂ ತೋರಿಸಬೇಕು ಎಂಬುದು ನ್ಯಾಯಾಧೀಶರ ಆಸೆ. ಆಸೆಯೇನೋ ದೊಡ್ಡದೇ. ಆದರೆ ನಮ್ಮಲ್ಲಿ ಒಂದೇ ಮಧ್ಯಾಹ್ನ ಶುರುವಾಗಿ ಮುಗಿಯುವ ಕೇಸು ಯಾವುದು? ಆರೋಪಿ ತಪ್ಪು ಒಪ್ಪಿಕೊಂಡ ಕೇಸು, ಅಷ್ಟೇ. ಅಂಥದ್ದೊಂದನ್ನು ಮೊದಲೇ ಹುಡುಕಿ ಆ ದಿನಕ್ಕೆಂದು ಎತ್ತಿಡುತ್ತಿದ್ದರು. ಇದು ನ್ಯಾಯಾಲಯದ ಗೋಡೆಗೂ ಗೊತ್ತಿದ್ದ ವಿಷಯ, ಕೂಗಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವನಿಗೆ ಒಬ್ಬನೇ ಮಗ. ಗೋದಾಮೊಂದರಲ್ಲಿ ವ್ಯಾನು ಓಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ವ್ಯಾನಿನ ಕೀಲಿಯನ್ನು ಯಜಮಾನನ ಬಾಮೈದನ ಕೈಗೆ ಕೊಟ್ಟು ಮನೆಗೆ ಬರುವುದು ಅವನ ರೂಢಿ. ಒಂದು ಬೆಳಿಗ್ಗೆ ಗೋದಾಮಿನಲ್ಲಿ ನೀರೆತ್ತುವ ಮೋಟಾರುಗಳು ಕಾಣೆಯಾಗಿದ್ದವು. ಅವುಗಳ ತಂತಿಯ ತುಂಡುಗಳು ವ್ಯಾನಿನಲ್ಲಿ ಸಿಕ್ಕವು. ಕೀಲಿ ನನ್ನ ಹತ್ತಿರ ಇರಲೇ ಇಲ್ಲ ಎಂದ ಬಾಮೈದ. ರಾತ್ರಿ ಗೋದಾಮಿನ ಹತ್ತಿರ ಹುಡುಗನನ್ನು ಕಂಡೆ ಎಂದ ಕಾವಲುಗಾರ. ಹಾಗೆಂದವನು ತಿಂಗಳೊಳಗೆ ಕೆಲಸ ಬಿಟ್ಟು ಎಲ್ಲಿಗೋ ಹೊರಟುಹೋದ. ಸಾಕ್ಷಿ ಹೇಳಲು ಅವನು ಬರಬೇಕು, ಅವನು ಬರುವವರೆಗೆ ಕೇಸು ನಡೆಯದು. ಕಾವಲುಗಾರನ ಹೆಸರನ್ನು ಕೂಗಣ್ಣ ಪ್ರತಿ ಸಲವೂ ಪ್ರಾಣ ಹೋಗುವ ಹಾಗೆ ಕೂಗುತ್ತಿದ್ದ. ಆಗೆಲ್ಲ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಯಾರೂ ಬರುತ್ತಿರಲಿಲ್ಲ.

ಜಾಮೀನೂ ಸಿಗಲಿಲ್ಲ. ಬೇರೆಯವರ ಮಗನಾಗಿದ್ದರೆ ಸಿಗುತ್ತಿತ್ತೇನೋ. ನಮ್ಮ ನ್ಯಾಯಾಧೀಶರು ಕೆಟ್ಟವರಲ್ಲ, ಹೆದರುಪುಕ್ಕಲರು. ಕೋರ್ಟಿನವನ ಮಗನೆಂದು ಬಿಟ್ಟುಬಿಟ್ಟರು ಎಂದು ಊರು ಆಡಿಕೊಂಡೀತು ಎಂಬ ಭಯ. ಊರಿಗಿದ್ದದ್ದೂ ಅದೊಂದೇ ನ್ಯಾಯಾಲಯ. ಹೀಗೆ ಅಪ್ಪನ ನೌಕರಿಯೇ ಮಗನಿಗೆ ಮುಳುವಾಯಿತು. ಹುಡುಗ ಒಳಗೆ ಹೋಗಿ ವರ್ಷ ದಾಟಿತ್ತು.

ಕೂಗಣ್ಣ ಮಗನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದ. ಜೈಲಿನ ಭೇಟಿಯ ಕೋಣೆಯಲ್ಲಿ ನಡುವೆ ಜಾಲರಿ ಇರುತ್ತದೆ, ಬೆರಳು ಕೂಡ ತೂರುವುದಿಲ್ಲ. ಆ ಜಾಲರಿಗೆ ಬಾಯಿಟ್ಟು ಹೇಳಿದ್ದನಂತೆ: "ಎಷ್ಟು ದಿನ ಆದ್ರೂ ಆಗ್ಲಿ. ಮಾಡದೇ ಇರೋದನ್ನ ಮಾತ್ರ ಒಪ್ಕೋಬೇಡ. ಒಪ್ಕೊಂಡು ಹೊರಗೆ ಬಂದವ್ರನ್ನ ನಾನು ಜೀವಮಾನ ಪೂರ್ತಿ ನೋಡಿದೀನಿ ಕಣೋ. ಅವ್ರು ಹೊರಗೆ ಬಂದ ಹಾಗೇ ಅಲ್ಲ." ಮಗ ತಲೆಯಾಡಿಸಿದ್ದ. ಮೆಟ್ಟಿಲ ಮೇಲೆ ಕೂತು ಇದನ್ನು ನನಗೆ ಅದೆಷ್ಟು ಸಲ ಹೇಳಿದ್ದಾನೋ. ಹೇಳುವಾಗೆಲ್ಲ ಕೊನೆಗೆ, "ನನ್ನ ಮಗ ಮಾತಿಗೆ ತಪ್ಪೋನಲ್ಲಕ್ಕಾ," ಎಂದು ಸೇರಿಸುತ್ತಿದ್ದ.

ಆ ವರ್ಷ ಅತಿಥಿಗಳ ಮಧ್ಯಾಹ್ನಕ್ಕೆ ಎತ್ತಿಟ್ಟ ಕೇಸು ಅವನ ಮಗನದೇ.

ಸುದ್ದಿ ಕೇಳಿ ಕೂಗಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಕೊನೆಗೂ ಮುಗಿಸ್ತಾರಂತಕ್ಕಾ! ಆ ಕಾವಲುಗಾರ ಬರೋದಿಲ್ಲ, ಸಾಕ್ಷಿ ಇಲ್ಲ. ಪರದೇಶದವ್ರ ಮುಂದೆ ಸಾಕ್ಷಿ ಇಲ್ದೆ ಶಿಕ್ಷೆ ಕೊಡೋಕಾಗುತ್ತಾ? ಬಿಟ್ಟುಬಿಡ್ತಾರೆ, ಬೇಕಾದ್ರೆ ಬರ್ಕೊಡ್ತೀನಿ," ಎಂದ. "ಅತಿಥಿಗಳ ದಿನ ಎಂಥ ಕೇಸು ಇಡ್ತಾರೆ ಅಂತ ನಿಂಗೆ ಗೊತ್ತಲ್ವೇನೋ? ಒಂದ್ಸಲ ಹುಡುಗನ್ನ ಕೇಳು," ಎಂದೆ. "ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ಲ," ಎಂದು ಎದ್ದು ಹೋದ. ಬೇರೆ ಯಾರ ಮಗನಾಗಿದ್ದರೂ ಅವನಿಗೆ ಆ ಕ್ಷಣವೇ ತಿಳಿದುಹೋಗುತ್ತಿತ್ತು.

ಹುಡುಗರು ಬಂದರು. ಒಂದು ವ್ಯಾನು ತುಂಬ ಇದ್ದರು. ಜೊತೆಗೆ ಅವರ ಪ್ರೊಫೆಸರಮ್ಮ, ನಮ್ಮ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಲು ನಮ್ಮ ಕಾಲೇಜಿನ ಉಪನ್ಯಾಸಕ. ಕಪ್ಪು ಬಟ್ಟೆ ತೊಟ್ಟು, ಕತ್ತು ಎತ್ತಿ ನಮ್ಮ ಮಾಡಿನ ಜೇಡರ ಬಲೆಯನ್ನೂ ಗೌರವದಿಂದ ನೋಡುತ್ತಿದ್ದರು. ಅವರಲ್ಲಿ ಕನ್ನಡಕದ ಉದ್ದನೆಯ ಹುಡುಗಿಯೊಬ್ಬಳು. ಅವಳಿಗೆ ಕೇಳಿದಷ್ಟೂ ಸಾಲದು. ಆರೋಪಿಗೆ ಕೂರಲು ಕುರ್ಚಿ ಯಾಕಿಲ್ಲ? ವಕೀಲರು ಆರೋಪಿಯ ಪಕ್ಕ ಯಾಕೆ ನಿಲ್ಲುವುದಿಲ್ಲ? ಉಪನ್ಯಾಸಕ ಬೆವರು ಒರೆಸಿಕೊಂಡು ಉತ್ತರ ಹೊಸೆಯುತ್ತಿದ್ದ. ನನಗಂತೂ ಆ ಹುಡುಗಿ ಕಂಡೊಡನೆ ಇಷ್ಟವಾದಳು.

ಕೂಗಣ್ಣ ಕಟಕಟೆ ಹತ್ತಿದ. ಎಂದಿಲ್ಲದ ಕಳೆ ಅವನ ಮುಖದಲ್ಲಿ. "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದು ಕೇಳಿದಾಗ ಅವನು ಹೇಳಿದ "ಇಲ್ಲ ಸ್ವಾಮಿ" ಅಂಗಳದವರೆಗೂ ಕೇಳಿಸಿರಬೇಕು. ಹುಡುಗರು ವಾದಿಸಿದರು, ನಕ್ಕರು, ಕೊನೆಗೆ ಬಿಟ್ಟುಬಿಟ್ಟರು. ಅವನು ಇಳಿದು ಬಂದದ್ದೇ ಆ ಕನ್ನಡಕದ ಹುಡುಗಿ ಎದುರು ನಿಂತು ಏನೋ ಕೇಳಿದಳು. ಮಾಡದ ತಪ್ಪನ್ನು ಒಪ್ಪಿಕೊಳ್ಳುವವರು ಇಲ್ಲಿ ಇದ್ದಾರೆಯೇ ಎಂದು ಕೇಳುತ್ತಿದ್ದಾಳೆ ಅಂತ ಉಪನ್ಯಾಸಕ ಹೇಳಿದ.

"ಇದಾರಮ್ಮ," ಎಂದ ಕೂಗಣ್ಣ. "ಒಳಗೆ ಕೂತು ಕೂತು ಸಾಕಾಗಿ ಒಪ್ಕೋತಾರೆ. ಆದ್ರೆ ಎಲ್ರೂ ಅಲ್ಲ. ಮಧ್ಯಾಹ್ನ ನನ್ನ ಮಗನ ಕೇಸು ಇದೆ, ನೀವೇ ನೋಡಿ. ಅವ್ನು ಒಪ್ಕೊಳ್ಳಲ್ಲ. ಇದೇ ನಾನು ನಿಂತಿದ್ನಲ್ಲ, ಇದೇ ಜಾಗದಲ್ಲಿ ನಿಂತು ಇಲ್ಲ ಅಂತಾನೆ." ಉಪನ್ಯಾಸಕ ಅದನ್ನು ಅವಳ ಭಾಷೆಗೆ ತಿರುಗಿಸಿದ. ಹುಡುಗಿ ಎರಡೂ ಕೈಯಿಂದ ಅವನ ಕೈ ಹಿಡಿದು ಕುಲುಕಿದಳು. ಊಟದ ಹೊತ್ತಿನಲ್ಲಿ ಅವನು ಬುತ್ತಿ ಬಿಚ್ಚಲೇ ಇಲ್ಲ. ಹಸಿವಿಲ್ಲ ಎಂದ. ಸಂಜೆ ಮನೆಯಲ್ಲಿ ಮಗನ ಜೊತೆಗೆ ಉಣ್ಣುತ್ತೇನೆ ಎಂದ.

ಮಧ್ಯಾಹ್ನ ಹುಡುಗನನ್ನು ತಂದರು. ಜೈಲಿನವರು ಅವನ ತಲೆ ಬೋಳಿಸಿದ್ದರು. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಕೂಗಣ್ಣನ ಹೆಂಡತಿ ಕೊನೆಯ ಬೆಂಚಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳು ಗಂಡನ ಕಡೆ ನೋಡುತ್ತಿರಲಿಲ್ಲ. ನನಗೆ ಆಗಲೇ ಅನುಮಾನ ಬಂತು.

ಮಗ ಕಣ್ಣೆದುರೇ ನಿಂತಿದ್ದರೂ ಕ್ರಮ ಕ್ರಮವೇ. ಕೂಗಣ್ಣ ಬಾಗಿಲಿಗೆ ಹೋಗಿ ಕೂಗಿದ. ತನ್ನ ಹೆಸರನ್ನು ತಾನೇ ಕೂಗಿ, ಆ ಹೆಸರಿನವನ ಮಗನೆಂದು ಮಗನ ಹೆಸರನ್ನು ಕೂಗಿದ. ಮೂರು ಸಲ. ಅವನ ದನಿಯಲ್ಲಿ ಅಳುಕಿರಲಿಲ್ಲ, ಸಡಗರವಿತ್ತು. ಹಾಗೆ ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಸರ್ಕಾರ ಕೊಟ್ಟ ಉಚಿತ ವಕೀಲ ಎದ್ದು ನಿಂತು, ನನ್ನ ಕಕ್ಷಿದಾರ ಒಂದು ಮಾತು ಹೇಳಬೇಕೆಂದಿದ್ದಾನೆ ಎಂದ. ನ್ಯಾಯಾಧೀಶರು ಅತಿಥಿಗಳ ಕಡೆ ಒಮ್ಮೆ ನೋಡಿ, ಹುಡುಗನ ಕಡೆ ತಿರುಗಿ ಕೇಳಿದರು. "ತಪ್ಪು ಒಪ್ಪಿಕೊಳ್ಳುತ್ತೀಯಾ?"

"ಹೌದು ಸ್ವಾಮಿ."

"ಯಾರಾದರೂ ಹೆದರಿಸಿ ಹೇಳಿಸುತ್ತಿದ್ದಾರೆಯೇ?"

"ಇಲ್ಲ ಸ್ವಾಮಿ."

"ಗಟ್ಟಿಯಾಗಿ ಹೇಳು. ಕದ್ದದ್ದು ನೀನೇನಾ?"

ಹುಡುಗ ನೆಲ ನೋಡುತ್ತ, "ನಾನೇ," ಎಂದ.

ನ್ಯಾಯಾಧೀಶರು ಹೇಳುತ್ತ ಹೋದರು, ನಾನು ಕುಟ್ಟುತ್ತ ಹೋದೆ. ಆರೋಪಿಯು ಸ್ವಇಚ್ಛೆಯಿಂದ ತಪ್ಪನ್ನು ಒಪ್ಪಿಕೊಂಡಿದ್ದಾನೆ. ಸ್ವಇಚ್ಛೆ ಎಂಬ ಪದವನ್ನು ಕುಟ್ಟುವಾಗ ಆ ಯಂತ್ರವನ್ನು ಎತ್ತಿ ನೆಲಕ್ಕೆ ಕುಕ್ಕಬೇಕೆನ್ನಿಸಿತು. ಇಷ್ಟು ದಿನ ಒಳಗಿದ್ದದ್ದೇ ಶಿಕ್ಷೆ ಎಂದು ಪರಿಗಣಿಸಿ ಈಗಲೇ ಬಿಡುಗಡೆ ಮಾಡಲಾಗಿದೆ. ಮುಗಿಯಿತು. ಸಾಕ್ಷಿಯ ಗೋಜಿಲ್ಲ, ವಾದದ ಗೋಜಿಲ್ಲ. "ನಮ್ಮಲ್ಲಿ ಎಲ್ಲಾ ನಿಧಾನ ಅಂತಾರೆ, ಈಗ ನೋಡಿದಿರಲ್ಲ," ಎಂದು ನ್ಯಾಯಾಧೀಶರು ಪ್ರೊಫೆಸರಮ್ಮನ ಕಡೆ ನಕ್ಕರು. ಹುಡುಗರು ಖುಷಿಯಿಂದ ಪಿಸುಗುಟ್ಟಿದರು. ಅವರ ದೇಶದಲ್ಲಿ ಇಂಥದ್ದಕ್ಕೆ ತಿಂಗಳುಗಟ್ಟಲೆ ಬೇಕಂತೆ. ಕನ್ನಡಕದ ಹುಡುಗಿ ಮಾತ್ರ ನಗಲಿಲ್ಲ. ಅವಳು ತಿರುಗಿ ಬಾಗಿಲಲ್ಲಿದ್ದ ಕೂಗಣ್ಣನನ್ನು ನೋಡಿದಳು. ಉಪನ್ಯಾಸಕನ ತೋಳು ಹಿಡಿದು ಏನೋ ಕೇಳಿದಳು. ಅವನು, ಆಮೇಲೆ ಆಮೇಲೆ ಎಂದು ಕೈಸನ್ನೆ ಮಾಡಿದ.

ಮುಂದಿನ ಕೇಸು ಎಂದರು ನ್ಯಾಯಾಧೀಶರು. ಕೂಗಣ್ಣ ಕೂಗಿದ. ಮೂರು ಕೂಗೂ ಒಂದೇ ಉಸಿರಿನಲ್ಲಿ, ನಡುವೆ ಕೆಮ್ಮೇ ಇಲ್ಲದೆ. ಯಾರೂ ಬರಲಿಲ್ಲವೆಂದು ವಾರಂಟು ಬರೆಸಿದರು. ಬರೆಸಿ ಮುಗಿಯುವಷ್ಟರಲ್ಲಿ ಆ ಕೇಸಿನ ಆರೋಪಿ, ಒಬ್ಬ ಮುದುಕ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದ. ಇಲ್ಲೇ ಇದ್ದೆ, ನೀರು ಕುಡಿಯಲು ಹೋಗಿದ್ದೆ ಎಂದು ಕೂಗಣ್ಣನ ಮುಂದೆ ಗೋಗರೆದ. ಕೂಗಣ್ಣನಿಗೆ ಅದು ಕೇಳಿಸಿತೋ ಇಲ್ಲವೋ.

ಸಂಜೆ ನಾನು ಅವರ ಮನೆಗೆ ಹೋದೆ. ಒಂದೇ ಕೋಣೆಯ ಮನೆ, ನಡುವೆ ಒಂದು ಪರದೆ. ಹುಡುಗ ಪರದೆಯಾಚೆ ಗೋಡೆಗೆ ಮುಖ ಮಾಡಿ ಮಲಗಿದ್ದ. ತಟ್ಟೆಗಳು ಮೂರೂ ತೊಳೆದದ್ದು ತೊಳೆದ ಹಾಗೇ ಇದ್ದವು. ಕೂಗಣ್ಣ ಅಂಗಿ ಕೂಡ ಬಿಚ್ಚದೆ ಸ್ಟೂಲಿನ ಮೇಲೆ ಕೂತಿದ್ದ.

"ಮಾತು ಕೊಟ್ಟಿದ್ದ," ಎಂದ ನನಗೆ.

ಹೆಂಡತಿ ಒಲೆಯ ಹತ್ತಿರದಿಂದಲೇ ಹೇಳಿದಳು. "ಅವನನ್ನ ಅನ್ಬೇಡಿ. ಒಪ್ಕೋ ಅಂತ ಹೇಳಿದ್ದು ನಾನು. ವಕೀಲನ್ನ ಕಂಡು ಮಾತಾಡಿದ್ದೂ ನಾನೇ. ನೀವು ತಿಂಗಳಿಗೊಂದ್ಸಲ ಹೋಗಿ ಧೈರ್ಯ ಹೇಳಿ ಬರ್ತಿದ್ರಿ. ವಾರ ವಾರ ಹೋಗಿ ನೋಡ್ತಿದ್ದೋಳು ನಾನು. ಮೊದಮೊದಲು ಮನೆ ಸುದ್ದಿ ಕೇಳ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಕೊನೆಕೊನೆಗೆ ನಾನು ಬಂದಿದೀನಿ ಅಂತ ಕರೆದ್ರೂ ಎದ್ದು ಬರ್ತಿರ್ಲಿಲ್ಲ. ನಿಮ್ಗೆ ಮರ್ಯಾದೆ ಬೇಕಾಗಿತ್ತು ಕಣ್ರಿ. ನಂಗೆ ನನ್ನ ಮಗ ಬೇಕಾಗಿತ್ತು."

ನನಗೆ ಯಾರ ಪರ ಮಾತಾಡಬೇಕೆಂದು ತೋಚಲಿಲ್ಲ. ಇವತ್ತಿಗೂ ತೋಚಿಲ್ಲ. ಅವಳು ಹೇಳಿದ್ದೂ ನಿಜ, ಅವನು ಹೆದರಿದ್ದೂ ನಿಜವಾಯಿತು. ಹುಡುಗ ಕೆಲಸಕ್ಕೆಂದು ಅಲೆಯದ ಜಾಗವಿಲ್ಲ. ನಾನು ಕದ್ದಿಲ್ಲ ಅಣ್ಣ ಎಂದರೆ, ಕೋರ್ಟಲ್ಲಿ ನೀನೇ ಹೇಳಿದೀಯಲ್ಲಪ್ಪ ಎನ್ನುತ್ತಿದ್ದರು. ಅದಕ್ಕೆ ಏನೆಂದು ಉತ್ತರ ಕೊಡುತ್ತಾನೆ? ಸುತ್ತಮುತ್ತ ಎಲ್ಲಿ ಏನು ಕಳವಾದರೂ ಪೊಲೀಸರು ಮೊದಲು ಅವನನ್ನೇ ಬಂದು ಕರೆದೊಯ್ಯುತ್ತಿದ್ದರು. ಒಂದೆರಡು ದಿನ ಕೂರಿಸಿಕೊಂಡು ಕಳಿಸುತ್ತಿದ್ದರು. ಕ್ರಮೇಣ ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಜಾಲರಿಯೊಂದು ಇರಲಿಲ್ಲ ಅಷ್ಟೇ. ಅವನಮ್ಮ ಕರೆದರೆ ಈಗಲೂ ಎದ್ದು ಬರುತ್ತಿರಲಿಲ್ಲ. ಅಪ್ಪ ಮಗನ ನಡುವೆ ಮಾತೇ ನಿಂತುಹೋಗಿತ್ತು.

ಕೂಗಣ್ಣ ಕೆಲಸಕ್ಕೆ ಮಾತ್ರ ತಪ್ಪಿಸಲಿಲ್ಲ. ಕೂಗುತ್ತಿದ್ದ, ಆದರೆ ಕೆಮ್ಮುತ್ತಿರಲಿಲ್ಲ. ನಾನು ಒಂದೆರಡು ಸಲ ಜಗಳ ಆಡಿದೆ. "ಬಡಪಾಯಿಗಳಿಗೆ ವಾರಂಟು ಹೋಗ್ತಿದೆ ಕಣೋ, ಒಂದ್ಸಲ ಕೆಮ್ಮಿದ್ರೆ ನಿನ್ನ ಗಂಟು ಏನು ಹೋಗುತ್ತೆ?" ಎಂದೆ. "ಬಂದ್ರೂ ಅಷ್ಟೇ ಅಲ್ವಾ ಅಕ್ಕಾ," ಎಂದ. ಅಷ್ಟೇ. ಆಮೇಲೆ ಮೆಟ್ಟಿಲ ಮೇಲೆ ಕೂರಲೂ ಬರಲಿಲ್ಲ.

ಮಾರನೆಯ ವರ್ಷ ಮತ್ತೆ ಪಡಸಾಲೆಗೆ ನೀರು ಬಿತ್ತು, ಫ್ಯಾನಿಗೆ ಎಣ್ಣೆ ಬಿತ್ತು. ಹೊಸ ಹುಡುಗರು ಬಂದರು. ಕನ್ನಡಕದ ಹುಡುಗಿ ಬಂದಿರಲಿಲ್ಲ, ನಾನು ಹುಡುಕಿದೆ. ಈ ಸಲ ಬೇರೆ ಯಾರನ್ನಾದರೂ ಹತ್ತಿಸಿ ಎಂದು ನಾನು ಗುಮಾಸ್ತರಿಗೆ ಹೇಳಿದ್ದೆ. ಅಭ್ಯಾಸ ಇರುವವನನ್ನು ಬಿಟ್ಟು ಬೇರೆ ಯಾರನ್ನು ಹುಡುಕೋಣ ಎಂದರು. ಕೂಗಣ್ಣ ಬೇಡವೆನ್ನಲಿಲ್ಲ. ತಲೆಗೆ ಎಣ್ಣೆ ಹಚ್ಚಿರಲಿಲ್ಲ, ಗಡ್ಡ ಬೆಳೆದಿತ್ತು. ಸುಮ್ಮನೆ ಹೋಗಿ ಕಟಕಟೆ ಹತ್ತಿ ನಿಂತ.

ನ್ಯಾಯಾಧೀಶನಾಗಿ ಕೂತಿದ್ದವನು ಗುಂಗುರು ಕೂದಲಿನ ಹುಡುಗ. ನಮ್ಮ ಭಾಷೆಯ ಆ ಒಂದು ವಾಕ್ಯವನ್ನು ಪಾಪ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದೊಂದೇ ಅಕ್ಷರ ಬಿಡಿಸಿ, "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದು ಕೇಳಿದ.

"ಒಪ್ಕೋತೀನಿ ಸ್ವಾಮಿ," ಎಂದ ಕೂಗಣ್ಣ.

ಉಪನ್ಯಾಸಕ ಮುಂದೆ ಬಂದು ಮೆಲ್ಲಗೆ ಹೇಳಿದ. "ಮರೆತುಬಿಟ್ರಾ? ನೀವು ಇಲ್ಲ ಅನ್ಬೇಕು. ಇಲ್ಲ ಅಂದ್ರೇನೇ ಇವ್ರು ವಾದ ಮಾಡೋಕಾಗೋದು."

ಹುಡುಗ ನಗುತ್ತ ಇನ್ನೊಮ್ಮೆ ಕೇಳಿದ. ಕೂಗಣ್ಣ ಇನ್ನೊಮ್ಮೆ ಒಪ್ಪಿಕೊಂಡ. ಆರೋಪಿಯ ಪರ ವಾದಿಸಲು ರಾತ್ರಿಯೆಲ್ಲ ಓದಿಕೊಂಡು ಬಂದಿದ್ದ ಹುಡುಗಿ ತನ್ನ ಕಾಗದಗಳನ್ನು ಹಿಡಿದು ನಿಂತೇ ಇದ್ದಳು. ಪ್ರೊಫೆಸರಮ್ಮನಿಗೆ ಇದೂ ಪಾಠದ ಒಂದು ಭಾಗವೇನೋ ಎಂದು ಅನುಮಾನ. ಮೂರನೆಯ ಸಲ ಕೇಳುವಾಗ ಗುಂಗುರು ಕೂದಲಿನವನ ಮುಖದಲ್ಲಿ ನಗು ಇರಲಿಲ್ಲ.

"ಒಪ್ಕೊಂಡೆ ಅಂದ್ನಲ್ಲ ಮಗಾ," ಎಂದ ಕೂಗಣ್ಣ. "ಬರ್ಕೊಂಡ್ಬಿಡು. ಬೇಗ ಮುಗೀಲಿ."

ಯಾರೂ ಏನೂ ಬರೆದುಕೊಳ್ಳಲಿಲ್ಲ. ಉಪನ್ಯಾಸಕ ಗಡಿಯಾರ ನೋಡಿ, ಹೊತ್ತಾಯಿತು, ಉಳಿದದ್ದನ್ನು ಕಾಲೇಜಿನಲ್ಲೇ ವಿವರಿಸುತ್ತೇನೆ ಎಂದು ಹುಡುಗರನ್ನು ಹೊರಡಿಸಿದ. ಕಟಕಟೆಯಲ್ಲಿ ನಿಂತಿದ್ದವನನ್ನು ಬಿಟ್ಟಿದ್ದೇವೆ ಎಂದು ಹೇಳುವುದು ಅವರಿಗೆ ಮರೆತುಹೋಯಿತು. ಕಲಾಪದ ಗಂಟೆ ಹೊಡೆದು, ಮೊದಲ ಕೇಸಿನ ಆರೋಪಿಯನ್ನು ಪೊಲೀಸರು ಕರೆತಂದು ಜಾಗ ಬಿಡಪ್ಪ ಎನ್ನುವವರೆಗೂ ಕೂಗಣ್ಣ ಅಲ್ಲೇ ನಿಂತಿದ್ದ.